ಫಾರ್ಮ್ಯಾಟಲ್ಲಿ ಇಲ್ಲ ಸಾರ್

ನಮ್ಮಜ್ಜಿಗೆ ಎರಡು ಹೆಸರು. ತವರಿನಲ್ಲಿ ಒಂದು, ಗಂಡನ ಮನೆಯಲ್ಲಿ ಇನ್ನೊಂದು. ಅದೇ ಹೆಸರಿನ ಓರಗಿತ್ತಿ ಆ ಮನೆಯಲ್ಲಿ ಆಗಲೇ ಇದ್ದಳಂತೆ. ಗೊಂದಲ ಬೇಡ ಅಂತ ಮದುವೆಯ ದಿನವೇ ಅಜ್ಜಿಯ ಹೆಸರು ಬದಲಾಯಿಸಿಬಿಟ್ಟರಂತೆ. ಅಜ್ಜಿ ಇರೋವರೆಗೂ ಇದು ನಮಗೆಲ್ಲ ತಮಾಷೆಯ ವಿಷಯ. ಅವರು ತೀರಿಕೊಂಡ ಮೇಲೆ ತವರಿನ ಕಡೆಯ ಒಂದೂವರೆ ಎಕರೆ ಜಮೀನಿನ ಮಾತು ಬಂತು, ತಮಾಷೆ ಮುಗಿಯಿತು. ಅವರ ಅಪ್ಪನ ವಂಶವೃಕ್ಷದಲ್ಲಿರುವ ಹೆಣ್ಣುಮಗಳು ಒಬ್ಬಳು, ನಮ್ಮ ರೇಷನ್ ಕಾರ್ಡಿನಲ್ಲಿದ್ದ ಅಜ್ಜಿ ಇನ್ನೊಬ್ಬಳು. ಇಬ್ಬರೂ ಒಬ್ಬರೇ ಅನ್ನೋದಕ್ಕೆ ದಾಖಲೆ ಏನಿದೆ ಅಂತ ಕಚೇರಿಯಲ್ಲಿ ಕೇಳಿದರು. ಏನೂ ಇರಲಿಲ್ಲ. ಆ ಎರಡು ಹೆಸರನ್ನು ಜೋಡಿಸುವ ಘಟನೆ ಒಂದೇ, ಮದುವೆ. ಅದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ.

ನಾನು ಸಾಫ್ಟ್‌ವೇರ್ ಕೆಲಸದವನು. ಬೇರೆ ಬೇರೆ ಟೇಬಲ್‌ಗಳಲ್ಲಿ ಬೇರೆ ಬೇರೆ ಹೆಸರಲ್ಲಿ ಕೂತಿರುವ ಒಬ್ಬನೇ ಗ್ರಾಹಕನನ್ನು ಪತ್ತೆಹಚ್ಚಿ ಜೋಡಿಸುವುದು ನನ್ನ ದಿನನಿತ್ಯದ ಗೋಳು. ರೆಕಾರ್ಡ್ ಲಿಂಕೇಜ್ ಅಂತಾರೆ ಇದಕ್ಕೆ. ಅಜ್ಜಿಯದೂ ಅದೇ ಸಮಸ್ಯೆ ಅಂತ ಹೊಳೆದದ್ದು ಊರಿಂದ ಬೆಂಗಳೂರಿಗೆ ಬಸ್ಸಲ್ಲಿ ವಾಪಸ್ ಬರುವಾಗ. ಕಂಪ್ಯೂಟರ್ ಬಳಕೆಗೆ ಬರುವ ಮೊದಲು ಜನ ಇದನ್ನು ಹೇಗೆ ಮಾಡ್ತಿದ್ದರು ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಒಂದು ಸಣ್ಣ ಪ್ಯಾರಿಷ್, ಡೆವನ್ ಕೌಂಟಿಯ ಕಾಲಿಟನ್.

ವಿಚಿತ್ರ ಅಂದ್ರೆ, ನಾನು ಆ ಊರಿಗೆ ಹೋಗಿ ಬಂದಿದ್ದೆ. ಕೆಲವು ವರ್ಷದ ಹಿಂದೆ ಎಕ್ಸೆಟರ್‌ನಲ್ಲಿ ಆನ್‌ಸೈಟ್ ಇದ್ದಾಗ ಒಂದು ಶನಿವಾರ ಸೀಟನ್ ಅನ್ನೋ ಕಡಲ ತೀರದ ಊರಿಗೆ ಹೋಗಿದ್ದೆ. ಅಲ್ಲಿಂದ ಆಕ್ಸ್ ನದಿಯ ಅಳಿವೆಯ ಪಕ್ಕದಲ್ಲೇ, ಕೆಸರಿನಲ್ಲಿ ಕೊಕ್ಕು ಹಾಕಿ ನಿಂತ ಹಕ್ಕಿಗಳನ್ನು ತೋರಿಸುತ್ತಾ, ಒಂದು ಪುಟ್ಟ ಟ್ರ್ಯಾಮ್ ಓಡುತ್ತೆ. ಮೂರು ಮೈಲಿ ಒಳಗೆ ಬಂದರೆ ಕಾಲಿಟನ್. ಸೇಂಟ್ ಆಂಡ್ರ್ಯೂಸ್ ಚರ್ಚಿನ ಗೋಪುರದ ತುದಿ ಎಂಟು ಮೂಲೆಯದು, ನೋಡಿದರೆ ಮರೆಯಲ್ಲ. ಅದರ ಮುಂದೆ ಒಂದು ಸೆಲ್ಫಿ ತೆಗೆದುಕೊಂಡು, ಟೀ ಕುಡಿದು ವಾಪಸ್ ಬಂದಿದ್ದೆ. ಜನಸಂಖ್ಯೆಯ ಇತಿಹಾಸ ಓದುವವರಿಗೆಲ್ಲ ಈ ಊರಿನ ಹೆಸರು ಬಾಯಿಪಾಠ ಅಂತ ಆಗ ಗೊತ್ತಿರಲಿಲ್ಲ.

ಕಾರಣ ಒಂದು ಪುಸ್ತಕ. ಕಾಲಿಟನ್ ಚರ್ಚಿನ ರಿಜಿಸ್ಟರ್ 1538ರಿಂದ ಶುರುವಾಗುತ್ತೆ.

ಆ ವರ್ಷದ ಸೆಪ್ಟೆಂಬರ್‌ನಲ್ಲಿ, ಎಂಟನೇ ಹೆನ್ರಿಯ ಬಲಗೈಯಾಗಿದ್ದ ಥಾಮಸ್ ಕ್ರಾಮ್‌ವೆಲ್ ಒಂದು ಆಜ್ಞೆ ಹೊರಡಿಸಿದ. ಪ್ರತಿ ಪ್ಯಾರಿಷ್‌ನಲ್ಲೂ ಒಂದು ಪುಸ್ತಕ ಇಡಬೇಕು. ಆ ವಾರ ನಡೆದ ದೀಕ್ಷಾಸ್ನಾನ, ಮದುವೆ, ಸಮಾಧಿ ಮೂರನ್ನೂ ಪಾದ್ರಿ ಭಾನುವಾರ ಬರೆಯಬೇಕು. ಪುಸ್ತಕ ಇಡೋದಕ್ಕೆ ಎರಡು ಬೀಗದ ಪೆಟ್ಟಿಗೆ, ಒಂದರ ಕೀಲಿ ಪಾದ್ರಿಯ ಹತ್ತಿರ, ಇನ್ನೊಂದರದ್ದು ಚರ್ಚಿನ ವಾರ್ಡನ್‌ಗಳ ಹತ್ತಿರ. ಬರೆಯೋದು ತಪ್ಪಿದರೆ 3 ಶಿಲಿಂಗ್ 4 ಪೆನ್ಸ್ ದಂಡ. ಅಂದರೆ ಇವತ್ತು ನಾವು ಟು ಫ್ಯಾಕ್ಟರ್ ಅಂತ ಕರೆಯೋದು ಆಗಲೇ ಇತ್ತು ಅನ್ನಿ.

ಜನ ಇದನ್ನು ಖುಷಿಯಿಂದ ಒಪ್ಪಲಿಲ್ಲ. ಸರ್ಕಾರ ಹೆಸರು ಬರೆದುಕೊಳ್ಳೋದು ಯಾಕೆ? ತೆರಿಗೆ ಹಾಕೋದಕ್ಕೇ ಅಂತ ಮಾತಾಡಿಕೊಂಡರು. ಹಳ್ಳಿಯವನಾದ ನನಗೆ ಈ ಅನುಮಾನ ಚೆನ್ನಾಗಿ ಅರ್ಥವಾಗುತ್ತೆ. ಜನಗಣತಿಯವರು ಬಂದಾಗ ನಮ್ಮೂರಲ್ಲಿ ಕೋಳಿಗಳ ಲೆಕ್ಕ ಯಾರೂ ಪೂರ್ತಿ ಹೇಳ್ತಿರಲಿಲ್ಲ. ತಮಾಷೆ ಏನಂದರೆ ಆ ಅನುಮಾನ 157 ವರ್ಷ ತಡವಾಗಿ ನಿಜವಾಯಿತು. ಫ್ರಾನ್ಸ್ ಜೊತೆಗಿನ ಯುದ್ಧದ ಖರ್ಚಿಗೆ ಅಂತ 1695ರಿಂದ ಹುಟ್ಟಿಗೆ, ಮದುವೆಗೆ, ಸಾವಿಗೆ ತೆರಿಗೆ ಬಿತ್ತು. ಮದುವೆಗೆ ಕನಿಷ್ಠ ಎರಡೂವರೆ ಶಿಲಿಂಗ್. ಮದುವೆಯಾಗದೆ ಉಳಿದರೂ ಬಿಡಲಿಲ್ಲ, 25 ದಾಟಿದ ಬ್ರಹ್ಮಚಾರಿಗಳು ವರ್ಷಕ್ಕೆ ಒಂದು ಶಿಲಿಂಗ್ ಕಟ್ಟಬೇಕಿತ್ತು.

ಹಳೆಯ ಮದುವೆ ರಿಜಿಸ್ಟರ್‌ನಲ್ಲಿ ಏನಿರುತ್ತೆ? ಬಹಳ ಇಲ್ಲ. ತಾರೀಖು, ಗಂಡಿನ ಹೆಸರು, ಹೆಣ್ಣಿನ ಹೆಸರು. ಒಂದೇ ಸಾಲು. ವಯಸ್ಸಿಲ್ಲ, ಊರಿಲ್ಲ, ಎಷ್ಟೋ ಕಡೆ ಅಪ್ಪ ಅಮ್ಮನ ಸುದ್ದಿಯೇ ಇಲ್ಲ. ಇಷ್ಟರಿಂದ ಯಾರು ಏನು ತಿಳಿದುಕೊಳ್ಳೋದಕ್ಕೆ ಸಾಧ್ಯ ಅನಿಸುತ್ತೆ.

1960ರ ದಶಕದಲ್ಲಿ ಕೇಂಬ್ರಿಜ್‌ನ ಇತಿಹಾಸಕಾರ ಇ. ಎ. ರಿಗ್ಲಿ ಸಾಧ್ಯ ಅಂದರು. 1538ರಿಂದ 1837ರವರೆಗಿನ ಕಾಲಿಟನ್ ರಿಜಿಸ್ಟರ್ ಅವರಿಗೆ ಸಿಕ್ಕಿತು. ಮುನ್ನೂರು ವರ್ಷದ ಡೇಟಾ, ಹೆಚ್ಚು ತೂತಿಲ್ಲದ್ದು. ವಿಧಾನವನ್ನು ಫ್ರಾನ್ಸಿನ ಲೂಯಿ ಆಂರಿ ಮೊದಲೇ ರೂಪಿಸಿದ್ದರು. ಪ್ರತಿ ದೀಕ್ಷಾಸ್ನಾನಕ್ಕೆ ಒಂದು ಚೀಟಿ, ಪ್ರತಿ ಮದುವೆಗೆ ಒಂದು, ಪ್ರತಿ ಸಮಾಧಿಗೆ ಒಂದು. ಆಮೇಲೆ ಹೆಸರು ಹಿಡಿದು ಚೀಟಿಗಳನ್ನು ಜೋಡಿಸುತ್ತಾ ಒಂದೊಂದು ಕುಟುಂಬಕ್ಕೆ ಒಂದೊಂದು ಹಾಳೆ ತುಂಬಿಸೋದು. ಹುಡುಗಿ ಹುಟ್ಟಿದ ವರ್ಷ ದೀಕ್ಷಾಸ್ನಾನದ ಚೀಟಿಯಲ್ಲಿ ಇದೆ, ಮದುವೆಯ ವರ್ಷ ಮದುವೆಯ ಚೀಟಿಯಲ್ಲಿ. ಕಳೆದರೆ ಮದುವೆಯ ವಯಸ್ಸು ಬಂತು. ಮಕ್ಕಳ ಚೀಟಿ ಸೇರಿಸಿದರೆ ಎಷ್ಟು ಮಕ್ಕಳು, ಎಷ್ಟೆಷ್ಟು ಅಂತರದಲ್ಲಿ ಅನ್ನೋದೂ ಬಂತು. ನಾವು ಎರಡು ಸಾಲಿನ ಕ್ವೆರಿಯಲ್ಲಿ ಮಾಡೋ ಜಾಯಿನ್ ಅನ್ನು ಅವರು ಕೈಯಲ್ಲಿ ಮಾಡಿದರು.

ಈ ಕೆಲಸದಲ್ಲಿ ಗಂಡಸರು ಸುಲಭ. ಜಾನ್ ಹುಟ್ಟಿದಾಗಲೂ ಅದೇ ಮನೆತನದ ಹೆಸರು, ಮದುವೆಯಾದಾಗಲೂ ಅದೇ, ಸತ್ತಾಗಲೂ ಅದೇ. ಹೆಂಗಸರ ಕತೆ ಬೇರೆ. ಹುಟ್ಟಿದಾಗ ಅಪ್ಪನ ಮನೆತನದ ಹೆಸರು. ಆಮೇಲೆ ಗಂಡನದ್ದು. ತನ್ನ ಮಕ್ಕಳ ದೀಕ್ಷಾಸ್ನಾನದ ಸಾಲಿನಲ್ಲಿ ಹೆಚ್ಚೆಂದರೆ ಬರೀ ಮೇರಿ, ಬರೀ ಆನ್. ಎಷ್ಟೋ ಸಲ ಅದೂ ಇಲ್ಲ, ಅಪ್ಪನ ಹೆಸರು ಮಾತ್ರ. ಸಮಾಧಿಯ ಸಾಲಿನಲ್ಲಿ ಇಂಥವನ ಹೆಂಡತಿ. ಅಂದರೆ ಒಬ್ಬಳೇ ಹೆಂಗಸು ರಿಜಿಸ್ಟರ್‌ನಲ್ಲಿ ಇಬ್ಬರಾಗಿ ಒಡೆದು ಕೂತಿರುತ್ತಾಳೆ. ಅಪ್ಪನ ಮನೆಯ ಮಗು ಒಬ್ಬಳು, ಗಂಡನ ಮನೆಯ ಹೆಂಗಸು ಇನ್ನೊಬ್ಬಳು. ಆ ಇಬ್ಬರೂ ಒಬ್ಬಳೇ ಅಂತ ಹೇಳುವ ಜಾಗ ಇಡೀ ಪುಸ್ತಕದಲ್ಲಿ ಒಂದೇ ಒಂದು, ಮದುವೆಯ ಆ ಸಾಲು. ಅದು ಸಿಕ್ಕರೆ ಅವಳಿಗೆ ಪೂರ್ತಿ ಆಯುಸ್ಸು ಸಿಕ್ಕಿತು. ಸಿಗದಿದ್ದರೆ ಅವಳು ಲೆಕ್ಕದಿಂದಲೇ ಆಚೆ.

ಇದನ್ನು ಓದಿದ ದಿನ ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮಜ್ಜಿಗೆ ಇಲ್ಲದ್ದು ಆ ಸಾಲೇ.

ಸರಿ, ಅಷ್ಟೆಲ್ಲ ಚೀಟಿ ಜೋಡಿಸಿ ರಿಗ್ಲಿಗೆ ಸಿಕ್ಕಿದ್ದೇನು? 1966ರಲ್ಲಿ ಅವರು ಪ್ರಕಟಿಸಿದ ಲೇಖನ ಎಲ್ಲರ ನಂಬಿಕೆಯನ್ನೇ ಅಲ್ಲಾಡಿಸಿತು. ಹಿಂದಿನ ಕಾಲದಲ್ಲಿ ಹುಡುಗಿಯರಿಗೆ ಎಳೆ ವಯಸ್ಸಲ್ಲೇ ಮದುವೆ ಅಂತ ನಾವು ಅಂದುಕೊಂಡಿರ್ತೀವಿ, ಶೇಕ್ಸ್‌ಪಿಯರ್‌ನ ಜೂಲಿಯೆಟ್‌ಗೆ ಇನ್ನೂ 14 ತುಂಬಿರಲಿಲ್ಲ. ಕಾಲಿಟನ್‌ನ ನಿಜವಾದ ಜೂಲಿಯೆಟ್‌ಗಳ ಲೆಕ್ಕ ಬೇರೆಯೇ ಇತ್ತು. 1560ರಿಂದ 1646ರ ನಡುವೆ ಅಲ್ಲಿನ ಹೆಣ್ಣುಮಕ್ಕಳು ಮೊದಲ ಮದುವೆಯಾದ ಸರಾಸರಿ ವಯಸ್ಸು 27. 1647ರಿಂದ 1719ರ ನಡುವೆ ಅದು ಹತ್ತಿರ ಹತ್ತಿರ 30. ಆಮೇಲೆ ನಿಧಾನಕ್ಕೆ ಇಳಿದು, 1770ರ ನಂತರ 25ಕ್ಕೆ ಬಂತು. ಗಂಡಸರದ್ದು ಈ ಎಲ್ಲ ಕಾಲದಲ್ಲೂ 26, 27ರ ಆಸುಪಾಸು. ಅಂದರೆ ಮೂರು ತಲೆಮಾರಿನ ತನಕ ಆ ಊರಿನ ವಧು ಸರಾಸರಿಯಲ್ಲಿ ವರನಿಗಿಂತ ದೊಡ್ಡವಳು. ಮೂವತ್ತಾಯ್ತು ಇನ್ನೂ ಮದುವೆಯಿಲ್ಲ ಅಂತ ಮನೆಯಲ್ಲಿ ಬೈಸಿಕೊಳ್ತಿರೋ ನನ್ನ ಟೀಮಿನ ಹುಡುಗಿಯರಿಗೆ ಈ ಅಂಕಿಅಂಶ ಹೇಳಿದೆ. ಪ್ರಿಂಟ್ ತೆಗೆದು ಕೊಡಿ ಅಂದರು.

1646 ಆದಮೇಲೆ ಯಾಕೆ ಹೀಗಾಯ್ತು? ಉತ್ತರದ ಒಂದು ತುಣುಕು ಅದೇ ಪುಸ್ತಕದ ಸಮಾಧಿಯ ಪುಟಗಳಲ್ಲಿದೆ. 1645ರ ಕೊನೆಯಲ್ಲಿ ಊರಿಗೆ ಪ್ಲೇಗ್ ಬಂತು. ಒಂದು ವರ್ಷದಲ್ಲಿ ಸುಮಾರು ಐದರಲ್ಲಿ ಒಬ್ಬರು ಸತ್ತರು. ನಮ್ಮ ಅಪಾರ್ಟ್‌ಮೆಂಟಿನ ಪ್ರತಿ ಐದನೇ ಮನೆ ಖಾಲಿಯಾಯಿತು ಅಂದುಕೊಳ್ಳಿ. ಆ ಏಟಿನ ನಂತರ ಜನ ಮದುವೆಯನ್ನು ಮುಂದೂಡಿದರು. ಮದುವೆಯಾದ ಮೇಲೂ ಮಕ್ಕಳ ಸಂಖ್ಯೆಯನ್ನು ಬೇಕೆಂದೇ ಮಿತಿಯಲ್ಲಿಟ್ಟರು ಅಂತ ರಿಗ್ಲಿ ವಾದಿಸಿದರು. ಮಾತ್ರೆ, ಆಸ್ಪತ್ರೆ ಯಾವುದೂ ಇಲ್ಲದ ಕಾಲದಲ್ಲಿ ಸಾಮಾನ್ಯ ಹಳ್ಳಿಗರು ಕುಟುಂಬ ಯೋಜನೆ ಮಾಡಿದ್ದರು ಅನ್ನೋದು ದೊಡ್ಡ ಮಾತು, ಅದರ ಮೇಲೆ ವಾದವಿವಾದ ಬಹಳ ನಡೆಯಿತು.

ಇನ್ನೊಂದು ತುಣುಕನ್ನು ಕೊಟ್ಟವರು ಪಮೇಲಾ ಶಾರ್ಪ್ ಅನ್ನೋ ಇತಿಹಾಸಕಾರ್ತಿ. ಅವರು ಕೇಳಿದ ಪ್ರಶ್ನೆ ಸರಳ. ಮದುವೆಯಾಗದೆ ಮೂವತ್ತರ ತನಕ ಈ ಹೆಂಗಸರು ಏನು ಮಾಡ್ತಿದ್ದರು? ದುಡೀತಿದ್ದರು. ಆ ಸೀಮೆಯ ಲೇಸ್ ಆಗ ಹೆಸರುವಾಸಿ. ಮಡಿಲಲ್ಲಿ ಗಟ್ಟಿ ದಿಂಬು, ಅದರ ಮೇಲೆ ಗುಂಡುಸೂಜಿ, ಹತ್ತಾರು ಸಣ್ಣ ಮರದ ಬಾಬಿನ್‌ಗಳನ್ನು ಬೆರಳಲ್ಲಿ ಅತ್ತಿತ್ತ ದಾಟಿಸುತ್ತಾ ನೂಲಿನಲ್ಲಿ ಹೂವು ಹೆಣೆಯುವ ಕೆಲಸ. 1698ರ ಒಂದು ಪಟ್ಟಿಯ ಪ್ರಕಾರ ಕಾಲಿಟನ್ ಒಂದರಲ್ಲೇ ಮುನ್ನೂರಕ್ಕೂ ಹೆಚ್ಚು ಲೇಸ್ ಕೆಲಸದವರಿದ್ದರು. ಸುತ್ತಲಿನ ಹಳ್ಳಿಗಳಿಂದ ಹೆಣ್ಣುಮಕ್ಕಳು ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದರು. ಗಂಡಸರು ಊರು ಬಿಟ್ಟರು. ಕೆಲವರನ್ನು ರಾಜಕೀಯವೇ ಕೊಂಡುಹೋಯಿತು. 1685ರ ಜೂನ್ 11ರಂದು ಡ್ಯೂಕ್ ಆಫ್ ಮನ್‌ಮತ್ ಪಕ್ಕದ ಲೈಮ್ ರೀಜಿಸ್ ಬಂದರಿನಲ್ಲಿ ಇಳಿದು ರಾಜನ ವಿರುದ್ಧ ದಂಗೆ ಎದ್ದಾಗ ಕಾಲಿಟನ್‌ನಿಂದ ನೂರಕ್ಕೂ ಹೆಚ್ಚು ಜನ ಅವನ ಹಿಂದೆ ಹೋದರು. ಜುಲೈ 6ಕ್ಕೆ ಸೆಜ್‌ಮೂರ್‌ನಲ್ಲಿ ದಂಗೆ ಮುಗಿಯಿತು. ಸಿಕ್ಕಿಬಿದ್ದ ದಂಗೆಕೋರರಲ್ಲಿ ಕೆಲವರಿಗೆ ಗಲ್ಲು, ಹಲವರಿಗೆ ವೆಸ್ಟ್ ಇಂಡೀಸಿಗೆ ಗಡೀಪಾರು. ಹೆಂಗಸರು ಹೆಚ್ಚು, ಗಂಡಸರು ಕಡಿಮೆ, ಹೆಂಗಸರ ಕೈಯಲ್ಲಿ ಅಷ್ಟೋ ಇಷ್ಟೋ ದುಡ್ಡು. ಮದುವೆ ತಡವಾಯಿತು.

ರಿಗ್ಲಿಯ ಚೀಟಿಗಳಿಂದ ವಯಸ್ಸು ಗೊತ್ತಾಯಿತು. ಕಾರಣ ಗೊತ್ತಾಗೋದಕ್ಕೆ ಶಾರ್ಪ್ ರಿಜಿಸ್ಟರ್ ಬಿಟ್ಟು ಹೊರಗೆ ಬೇರೆ ಕಾಗದಗಳನ್ನು ನೋಡಬೇಕಾಯಿತು. ಯಾಕಂದ್ರೆ ಲೇಸ್ ಹೆಣೆದ ಕೈಗಳ ಕಸುಬನ್ನು ಮದುವೆಯ ಸಾಲಿನಲ್ಲಿ ಯಾರೂ ಬರೆದಿರಲಿಲ್ಲ.

ಈ ಸಾಲು ಕಾಲಕ್ರಮೇಣ ಉದ್ದವಾಯಿತು. ಇಂಗ್ಲೆಂಡಿನಲ್ಲಿ ಕಳ್ಳಮದುವೆಗಳ ಕಾಟ ಹೆಚ್ಚಾಗಿತ್ತು. ಸಾಲಗಾರ ಪಾದ್ರಿಗಳು ದುಡ್ಡಿಗೆ ಯಾರಿಗೆ ಬೇಕಾದರೂ ಮದುವೆ ಮಾಡಿಸಿ, ಹಿಂದಿನ ತಾರೀಖು ಹಾಕಿಕೊಡ್ತಿದ್ದರು. ಇದನ್ನು ನಿಲ್ಲಿಸಲು ಲಾರ್ಡ್ ಹಾರ್ಡ್‌ವಿಕ್ 1753ರಲ್ಲಿ ಕಾಯ್ದೆ ತಂದ. 1754ರ ಮಾರ್ಚ್ 25ರಿಂದ ಮದುವೆಗೆ ಪ್ರತ್ಯೇಕ ರಿಜಿಸ್ಟರ್. ಮೂರು ಭಾನುವಾರ ಚರ್ಚಿನಲ್ಲಿ ಕೂಗಿ ಹೇಳಬೇಕು, ಇಲ್ಲವೇ ಲೈಸೆನ್ಸ್ ತರಬೇಕು. ಗಂಡು, ಹೆಣ್ಣು, ಪಾದ್ರಿ, ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ರಿಜಿಸ್ಟರ್ ತಿದ್ದಿದರೆ ಮರಣದಂಡನೆ. ಪ್ರೊಡಕ್ಷನ್ ಡೇಟಾಬೇಸ್‌ಗೆ ಕೈ ಹಾಕಬೇಡಿ ಅಂತ ನಮ್ಮ ಮ್ಯಾನೇಜರ್ ಕೂಡ ಇಷ್ಟು ಕಟ್ಟುನಿಟ್ಟಾಗಿ ಹೇಳಿಲ್ಲ.

ಸಹಿ ಅಂದೆನಲ್ಲ, ಅದು ಅಲ್ಲಿಯ ತನಕ ಇಲ್ಲದ ಹೊಸ ಡೇಟಾ. ಬರೆಯಲು ಬರದವರು ಇಂಟು ಗುರುತು ಹಾಕ್ತಿದ್ದರು, ನಮ್ಮಲ್ಲಿ ಹೆಬ್ಬೆಟ್ಟು ಒತ್ತಿದ ಹಾಗೆ. ದೇಶದುದ್ದಕ್ಕೂ ಈ ಗುರುತುಗಳನ್ನು ಎಣಿಸಿದ ರೋಜರ್ ಸ್ಕೋಫೀಲ್ಡ್, ಯಾವ ಕಾಲದಲ್ಲಿ ಎಷ್ಟು ಜನಕ್ಕೆ ಅಕ್ಷರ ಗೊತ್ತಿತ್ತು ಅಂತ ಅಂದಾಜು ಮಾಡಿದರು. 1750ರ ದಶಕದಲ್ಲಿ ವರರಲ್ಲಿ ಸುಮಾರು ಶೇಕಡಾ 60 ಜನ ಸಹಿ ಹಾಕಿದರು, ವಧುಗಳಲ್ಲಿ ಶೇಕಡಾ 40 ಕೂಡ ಇಲ್ಲ. 1840ರ ಹೊತ್ತಿಗೂ ವಧುಗಳಲ್ಲಿ ಅರ್ಧದಷ್ಟು ಜನ ಇಂಟು ಗುರುತೇ. ಅದೇ 1840ರ ಫೆಬ್ರವರಿಯಲ್ಲಿ ವಿಕ್ಟೋರಿಯಾ ರಾಣಿಯ ಮದುವೆಯಾಯಿತು. ಅವಳು ಉಟ್ಟ ಲೇಸ್ ಅನ್ನು ಹೆಣೆದವರು ಸೀಟನ್ ಪಕ್ಕದ ಬಿಯರ್ ಅನ್ನೋ ಮೀನುಗಾರರ ಹಳ್ಳಿಯ ಹೆಂಗಸರು. ಹೆಸರು ನೋಡಿ ನಗಬೇಡಿ, ಕುಡಿಯೋ ಬಿಯರ್‌ಗೂ ಅದಕ್ಕೂ ಸಂಬಂಧವಿಲ್ಲ.

1812ರಲ್ಲಿ ಇನ್ನೊಂದು ಕಾಯ್ದೆ ಬಂತು, ಎಲ್ಲ ಕಡೆ ಒಂದೇ ತರಹದ ಮುದ್ರಿತ ನಮೂನೆ. ಸುಳ್ಳು ಬರೆದವನಿಗೆ 14 ವರ್ಷ ಗಡೀಪಾರು. ಅದೇ ಕಾಯ್ದೆಯ ಇನ್ನೊಂದು ಕಲಂ ಪ್ರಕಾರ ದಂಡದಲ್ಲಿ ಅರ್ಧ ದೂರು ಕೊಟ್ಟವನಿಗೆ, ಅರ್ಧ ಪ್ಯಾರಿಷ್‌ನ ಬಡವರಿಗೆ ಸೇರಬೇಕು. ಆದರೆ ಕಾಯ್ದೆಯಲ್ಲಿ ಇದ್ದ ಶಿಕ್ಷೆ ಗಡೀಪಾರು ಒಂದೇ! ಅಂದರೆ ದೂರು ಕೊಟ್ಟವನಿಗೆ 7 ವರ್ಷ, ಬಡವರಿಗೆ 7 ವರ್ಷ. ಹಳೆಯ ಡಾಕ್ಯುಮೆಂಟಿನಿಂದ ಕಾಪಿ ಪೇಸ್ಟ್ ಮಾಡಿ ಓದದೆ ಬಿಡೋ ರೋಗ ನಮ್ಮ ಕಾಲದ್ದಲ್ಲ.

ಕೊನೆಗೆ 1837ರ ಜುಲೈ 1. ಸರ್ಕಾರವೇ ಹುಟ್ಟು, ಮದುವೆ, ಸಾವು ದಾಖಲಿಸೋದಕ್ಕೆ ಶುರುಮಾಡಿತು. ಮದುವೆ ರಿಜಿಸ್ಟರ್‌ನ ಹೊಸ ನಮೂನೆ ನೋಡಿದರೆ ಎಂಥ ಇಂಜಿನಿಯರ್‌ಗೂ ಖುಷಿಯಾಗಬೇಕು. ತಾರೀಖು, ಹೆಸರು, ವಯಸ್ಸು, ಮೊದಲೇ ಮದುವೆಯಾಗಿತ್ತೋ ಇಲ್ಲವೋ, ಕಸುಬು, ವಾಸಸ್ಥಳ, ತಂದೆಯ ಹೆಸರು, ತಂದೆಯ ಕಸುಬು. ಎರಡು ಪ್ರತಿ, ಒಂದು ಬ್ಯಾಕಪ್. ಆದರೆ ವಧುವಿನ ಕಸುಬಿನ ಕಾಲಂ ಎಷ್ಟೋ ಕಡೆ ಖಾಲಿ ಬಿಡ್ತಿದ್ದರು, ಅವಳು ಚಿಕ್ಕಂದಿನಿಂದ ದುಡಿದವಳಾಗಿದ್ದರೂ. ಇನ್ನು ತಾಯಿಯ ಹೆಸರಿಗೆ ಕಾಲಮ್ಮೇ ಇರಲಿಲ್ಲ. ವಧುವಿನ ತಾಯಿಗೂ ಇಲ್ಲ, ವರನ ತಾಯಿಗೂ ಇಲ್ಲ.

ಯಾರೋ ಒಂದು ದಿನ ಕೂತು ನಮೂನೆ ಗೆರೆ ಎಳೆದಾಗ ಬಿಟ್ಟ ಕಾಲಂ ಅದು. ಎಷ್ಟು ದಿನ ಉಳೀತು ಗೊತ್ತಾ? ಸುಮಾರು 184 ವರ್ಷ. ಸ್ಕಾಟ್ಲೆಂಡ್ ತನ್ನ ರಿಜಿಸ್ಟರ್ ಶುರುಮಾಡಿದ 1855ರಲ್ಲೇ ತಾಯಿಯ ಹೆಸರು, ಅವಳ ತವರಿನ ಹೆಸರು ಎರಡೂ ಬರೆಸಿತು. ಅಂದರೆ ಅಸಾಧ್ಯವೇನಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬದಲಾಯಿಸ್ತೀವಿ ಅಂತ ಪ್ರಧಾನಿ ಡೇವಿಡ್ ಕ್ಯಾಮರನ್ ಹೇಳಿದ್ದು 2014ರಲ್ಲಿ. ಮುದ್ರಿಸಿ ಬೈಂಡ್ ಮಾಡಿದ ಪುಸ್ತಕಗಳು ದೇಶದ ಚರ್ಚು, ಕಚೇರಿಗಳಲ್ಲೆಲ್ಲ ಹಂಚಿಹೋಗಿದ್ದವು. ಒಂದು ಕಾಲಂ ಸೇರಿಸಬೇಕಾದರೆ ಅವೆಲ್ಲ ಬದಲಾಗಬೇಕು. ಕೊನೆಗೆ ಪುಸ್ತಕಗಳನ್ನೇ ನಿಲ್ಲಿಸಿ, 2021ರ ಮೇ 4ರಂದು ಎಲೆಕ್ಟ್ರಾನಿಕ್ ರಿಜಿಸ್ಟರ್‌ಗೆ ಬದಲಾದಾಗ ತಾಯಂದಿರಿಗೆ ಜಾಗ ಸಿಕ್ಕಿತು. ಸ್ಕೀಮಾ ಮಾಡುವಾಗ ಐದು ನಿಮಿಷ ಯೋಚಿಸದಿದ್ದರೆ ಆಮೇಲೆ ಎಷ್ಟು ತಲೆಮಾರು ಅನುಭವಿಸಬೇಕಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕಾಲಿಟನ್‌ನ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ರಿಗ್ಲಿ ಮತ್ತು ಸ್ಕೋಫೀಲ್ಡ್ ಆಮೇಲೆ 404 ಪ್ಯಾರಿಷ್‌ಗಳ ರಿಜಿಸ್ಟರ್‌ಗಳಿಂದ 1541ರ ತನಕ ಹಿಂದಕ್ಕೆ ಹೋಗಿ ಇಡೀ ಇಂಗ್ಲೆಂಡಿನ ಜನಸಂಖ್ಯೆ ಲೆಕ್ಕ ಹಾಕಿದರು. ಎಣಿಸಿಕೊಟ್ಟವರಲ್ಲಿ ಬಹಳ ಮಂದಿ ಆಯಾ ಊರಿನ ಸ್ವಯಂಸೇವಕರು. ಆದರೆ ಈ ವಿಧಾನಕ್ಕೂ ಒಂದು ಮಿತಿ ಇದೆ, ಅದನ್ನು ಮಾಡಿದವರೇ ಒಪ್ಪಿಕೊಂಡಿದ್ದಾರೆ. ಹುಟ್ಟಿದ ಊರಲ್ಲೇ ಮದುವೆಯಾಗಿ ಅಲ್ಲೇ ಸತ್ತವರ ಕತೆ ಮಾತ್ರ ಪೂರ್ತಿ ಸಿಗುತ್ತೆ. ಊರು ಬಿಟ್ಟವರು, ಬೇರೆ ಕಡೆ ಮದುವೆಯಾದವರು, ಚರ್ಚನ್ನು ಒಪ್ಪದೆ ಬೇರೆ ಪಂಥ ಹಿಡಿದವರು ಅರ್ಧಕ್ಕೇ ನಿಲ್ಲುತ್ತಾರೆ. ಊರು ಬಿಟ್ಟು ಬಂದ ನಾನು, ಇದನ್ನು ಓದುತ್ತಿರುವ ನೀವು, ನಾವೆಲ್ಲ ಅಂಥವರೇ.

ಅಜ್ಜಿಯ ವಿಷಯ ಏನಾಯ್ತು ಅಂತ ಹೇಳಿಬಿಡ್ತೀನಿ. ದಾಖಲೆ ಇಲ್ಲದ್ದಕ್ಕೆ ಅಫಿಡವಿಟ್ ಮಾಡಿಸಬೇಕಾಯಿತು. ಎರಡೂ ಹೆಸರು ಒಬ್ಬರದೇ, ಮದುವೆಯಲ್ಲಿ ಹೆಸರು ಬದಲಾಯಿತು ಅಂತ. ಸಾಕ್ಷಿ ಹೇಳೋದಕ್ಕೆ ಅಜ್ಜಿಯ ತವರೂರಿನಿಂದ ಎಂಬತ್ತು ದಾಟಿದ ಒಬ್ಬರು ಬಂದಿದ್ದರು, ಅಜ್ಜಿಯ ಜೊತೆ ಆಡಿ ಬೆಳೆದವರು. ಟೈಪಿಂಗ್ ಅಂಗಡಿಯ ಹುಡುಗ ಇಂಥವರ ಮಗಳು ಅನ್ನೋ ಕಡೆ ಮುತ್ತಜ್ಜನ ಹೆಸರು ಹೊಡೆದ. ತಾಯಿ ಹೆಸರೂ ಹಾಕಪ್ಪ ಅಂದೆ. ಫಾರ್ಮ್ಯಾಟಲ್ಲಿ ಇಲ್ಲ ಸಾರ್ ಅಂದ. ಇಲ್ಲದಿದ್ದರೂ ಪರವಾಗಿಲ್ಲ, ಸೇರಿಸು ಅಂದೆ. ಸರಿ ಹೇಳಿ ಸಾರ್, ಏನು ಹೆಸರು ಅಂತ ಕೇಳಿದ.

ನನಗೆ ಗೊತ್ತಿರಲಿಲ್ಲ. ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ, ಅವರಿಗೂ ಗೊತ್ತಿರಲಿಲ್ಲ. ಅವ್ವನ ಅವ್ವ ಅಂತಲೇ ಕರೀತಿದ್ವಿ ಕಣೋ ಅಂದರು. ವಾಪಸ್ ಒಳಗೆ ಬಂದಾಗ ಬೆಂಚಿನ ಮೇಲೆ ಕೂತಿದ್ದ ಆ ತವರೂರಿನ ಅಜ್ಜಿ, ಎಲೆ ಅಡಿಕೆ ಒಂದು ಕಡೆಗೆ ಸರಿಸಿಕೊಂಡು, ಹುಡುಗನಿಗೆ ಹೆಸರು ಹೇಳ್ತಾ ಇದ್ದರು. ಎರಡು ಸಲ ಹೇಳಿದರು, ಸರಿಯಾಗಿ ಬರೆದುಕೊಳ್ಳಲಿ ಅಂತ.